ಕಾಯಿಸದೆ ಅನಿಲವನ್ನು ಗುರುತಿಸುವ ಹರಳು

ಪೆಟ್ರೋಲ್ ಕಾರಿನ ಹೊಗೆಕೊಳವೆಯಲ್ಲಿ ಆಮ್ಲಜನಕವನ್ನು ಅಳೆಯುವ ಜಿರ್ಕೋನಿಯಾ (ಪಿಂಗಾಣಿಯಂಥ ಒಂದು ಆಕ್ಸೈಡ್) ಸಂವೇದಕವು ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಷ್ಟೇ ಸರಿಯಾಗಿ ಕೆಲಸ ಮಾಡುತ್ತದೆ, ಏಕೆಂದರೆ ತಣ್ಣಗಿರುವಾಗ ಅದರೊಳಗಿನ ಆಕ್ಸೈಡ್ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಆಮ್ಲಜನಕದ ಕಣಗಳು, ಹೆಚ್ಚುಕಡಿಮೆ ಕದಲುವುದೇ ಇಲ್ಲ. ಎಂಜಿನ್ನಿನ ಬಿಸಿ ಹೊಗೆಯಲ್ಲಿ ಇದು ತೊಡಕಲ್ಲ. ಆದರೆ ಬ್ಯಾಟರಿಯಿಂದ ನಡೆಯುವ ಪುಟ್ಟ ಉಪಕರಣಕ್ಕೆ ಹೀಟರ್ ದೊಡ್ಡ ಹೊರೆ. ಹೊತ್ತಿಕೊಳ್ಳುವ ಅನಿಲ ಸೋರಬಹುದಾದ ಜಾಗದಲ್ಲಿ ಅದು ಅಪಾಯವೂ ಹೌದು.

ಕೋಣೆಯ ಉಷ್ಣತೆಯಲ್ಲೇ ಅಯಾನುಗಳನ್ನು ಹರಿಯಬಿಡುವ ಘನವಸ್ತುಗಳ ಪೈಕಿ ನನಗೆ ಅತ್ಯಂತ ಪ್ರಿಯವಾದದ್ದು ಫ್ಲೋರೈಡ್ ಅಯಾನುಗಳು ಚಲಿಸುವ ಲ್ಯಾಂಥನಮ್ ಫ್ಲೋರೈಡ್. ನೀರಿನ ಫ್ಲೋರೈಡನ್ನು ಅಳೆಯುವ ಎಲೆಕ್ಟ್ರೋಡಿಗಾಗಿ 1966ರಲ್ಲಿ ಸಂಶೋಧಕರಾದ ಫ್ರಾಂಟ್ ಮತ್ತು ರಾಸ್ ಬಳಸಿದ್ದು ಇದೇ ಹರಳನ್ನು. 1980ರ ದಶಕದಲ್ಲಿ ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದ ನೊಬೊರು ಯಮಾಜೊಯೆ ಅವರ ತಂಡವು ಇದರಿಂದ ಆಮ್ಲಜನಕದ ಸಂವೇದಕವನ್ನು ರೂಪಿಸಿತು. ಹರಳಿನ ಬಿಲ್ಲೆಯ ಒಂದು ಮುಖಕ್ಕೆ ಗಾಳಿ ಸೋಕುವ ಪ್ಲಾಟಿನಮ್, ಇನ್ನೊಂದು ಮುಖಕ್ಕೆ ತವರ ಮತ್ತು ತವರದ ಫ್ಲೋರೈಡಿನ ಮಿಶ್ರಣ: ರಚನೆ ಇಷ್ಟೇ. ಎರಡು ಮುಖಗಳ ನಡುವಿನ ವೋಲ್ಟೇಜು ಗಾಳಿಯ ಆಮ್ಲಜನಕದ ಪ್ರಮಾಣದೊಂದಿಗೆ ಬದಲಾಗುತ್ತದೆ. ಇಲ್ಲಿ ವಿದ್ಯುತ್ತನ್ನು ಸೆಳೆಯದೆ ವೋಲ್ಟೇಜನ್ನು ಮಾತ್ರ ಓದುವುದರಿಂದ, ಮೀಟರಿನ ಒಳರೋಧ ಸಾಕಷ್ಟು ಹೆಚ್ಚಿದ್ದರೆ ಹರಳಿನ ಸಾಧಾರಣ ವಾಹಕತೆಯೇ ಸಾಕಾಗುತ್ತದೆ.

ತೊಂದರೆ ಇದ್ದದ್ದು ವೇಗದಲ್ಲಿ. ಆಮ್ಲಜನಕ ಏರಿಳಿದರೂ ವೋಲ್ಟೇಜು ಬಹಳ ನಿಧಾನವಾಗಿ ನೆಲೆಗೆ ಬರುತ್ತಿತ್ತು. ಬಳಸುವ ಮೊದಲೇ ಹರಳಿಗೆ ಬಿಸಿ ನೀರಾವಿಯನ್ನು ಸೋಕಿಸಿದಾಗ ಸಂವೇದಕ ಗಮನಾರ್ಹವಾಗಿ ಚುರುಕಾಯಿತು. ನೀರಾವಿಯಿಂದ ಬದಲಾದದ್ದು ಹರಳಿನ ಒಡಲಲ್ಲ, ಪ್ಲಾಟಿನಮ್, ಫ್ಲೋರೈಡ್ ಮತ್ತು ಗಾಳಿ ಮೂರೂ ಸಂಧಿಸುವ ಮೇಲ್ಮೈ. ಇಡೀ ವಿಷಯದ ತಿರುಳು ಇಲ್ಲಿದೆ ಎಂದು ನಾನು ದೃಢವಾಗಿ ನಂಬುತ್ತೇನೆ: ಅಯಾನು ಸಲೀಸಾಗಿ ಚಲಿಸುವ ವಸ್ತುವನ್ನು ಹುಡುಕಿದರೆ ಅರ್ಧ ಕೆಲಸವಷ್ಟೇ ಮುಗಿದಂತೆ; ಅನಿಲದ ಅಣು ಆ ಅಂಚಿನಲ್ಲಿ ಎಲೆಕ್ಟ್ರಾನನ್ನು ಕೊಡುವ, ಪಡೆಯುವ ಕ್ರಿಯೆಯನ್ನು ತಣ್ಣಗೇ ನಡೆಸುವುದು ಅದಕ್ಕಿಂತ ಕಠಿಣ.

ಜಲಜನಕವನ್ನು ಗುರುತಿಸಲು ಪ್ರೋಟಾನು (ಜಲಜನಕದ ಅಯಾನು) ಹರಿಸುವ ಆಂಟಿಮೋನಿಕ್ ಆಮ್ಲ, ನೇಫಿಯಾನ್ ಎಂಬ ಪ್ಲಾಸ್ಟಿಕ್ ಪೊರೆ ಮುಂತಾದವು ಬಳಕೆಯಾಗಿವೆ. ಒಂದೇ ಎಲೆಕ್ಟ್ರೋಡಿನ ಮೇಲೆ ಜಲಜನಕ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತಿರುವಾಗಲೇ ಗಾಳಿಯ ಆಮ್ಲಜನಕ ಅವನ್ನು ಪಡೆಯುತ್ತಿರುತ್ತದೆ. ಎರಡರ ವೇಗ ಸಮವಾದಲ್ಲಿ ಎಲೆಕ್ಟ್ರೋಡಿನ ವೋಲ್ಟೇಜು ನೆಲೆ ನಿಲ್ಲುತ್ತದೆ. ಆದ್ದರಿಂದ, ಅನಿಲದ ಪ್ರಮಾಣಕ್ಕೂ ವೋಲ್ಟೇಜಿಗೂ ಇರುವ ನಂಟನ್ನು ಹೇಳುವ ನರ್ನ್‌ಸ್ಟ್ ಸಮೀಕರಣವೊಂದರಿಂದಲೇ ಓದನ್ನು ಲೆಕ್ಕಹಾಕಲಾಗದು. ಗೊತ್ತಿರುವ ಪ್ರಮಾಣದ ಅನಿಲವಿಟ್ಟು ಅಳತೆಯನ್ನು ಹೊಂದಿಸಿಕೊಳ್ಳಬೇಕು. ನೇಫಿಯಾನ್ ಒಣಗಿದರೆ ಪ್ರೋಟಾನು ವಾಹಕತೆಯೇ ಕುಸಿಯುತ್ತದೆ. ಹಾಗಾಗಿ ಇಂಥ ಸಂವೇದಕದ ಫಲಿತಾಂಶ ಎದುರಾದಾಗ, ಅದನ್ನು ಎಷ್ಟು ತೇವಾಂಶದ ಗಾಳಿಯಲ್ಲಿ ಪಡೆಯಲಾಯಿತು ಎಂಬುದನ್ನೇ ನಾನು ಮೊದಲು ಹುಡುಕುತ್ತೇನೆ.