ಬೆಳಿಗ್ಗೆ ತೆರೆದ ಕಾಲರ್ ನಿನ್ನೆಯ ಅಳತೆಗೇ ಮುಚ್ಚಿಕೊಳ್ಳಬೇಕು

ಕಳೆದ ಬೇಸಿಗೆಯ ಹುಲ್ಲು ಕೊಯ್ಲಿನ ನಡುವೆ ನಮ್ಮ ನೆರೆಯ ರೈತರೊಬ್ಬರ ಬೆಲ್ಜಿಯನ್ ತಳಿಯ ಕುದುರೆಯ ಎಡಭುಜದಲ್ಲಿ ಅಂಗೈಯಗಲದ ಬಾವು ಕಾಣಿಸಿಕೊಂಡಿತು. ಕೂದಲು ಉಜ್ಜಿಹೋಗಿತ್ತು, ಚರ್ಮ ಮುಟ್ಟಿದರೆ ಬಿಸಿಯಾಗಿತ್ತು, ಕೈ ಹತ್ತಿರ ಒಯ್ದರೆ ಸಾಕು, ಆ ದೊಡ್ಡ ಪ್ರಾಣಿ ಹಿಂದಕ್ಕೆ ಸರಿಯುತ್ತಿತ್ತು. ನಾನಿರುವುದು ಅಮೆರಿಕದ ಒಹಾಯೊ ರಾಜ್ಯದ ಹೋಮ್ಸ್ ಕೌಂಟಿಯ ಅಂಚಿನಲ್ಲಿ. ಆಧುನಿಕ ಯಂತ್ರಗಳಿಂದ ಬಹುಮಟ್ಟಿಗೆ ದೂರವಿರುವ ಇಲ್ಲಿನ ಆಮಿಶ್ ಎಂಬ ಕ್ರೈಸ್ತ ಸಮುದಾಯದ ರೈತರಲ್ಲಿ ಬಹಳ ಮಂದಿ ಇಂದಿಗೂ ಉಳುವುದು, ಹುಲ್ಲು ಕೊಯ್ಯುವುದು, ಗೊಬ್ಬರ ಹರಡುವುದು ಎಲ್ಲವನ್ನೂ ಕುದುರೆಗಳಿಂದಲೇ ಮಾಡುತ್ತಾರೆ. ಯಂತ್ರದ ಬಿಡಿಭಾಗಗಳ ವಿನ್ಯಾಸ ನನ್ನ ಉದ್ಯೋಗವೆಂದು ತಿಳಿದಿದ್ದ ಆ ಹಿರಿಯರು, ಗಾಯವನ್ನು ತಾವೇ ನೋಡಿಕೊಳ್ಳುವುದಾಗಿ ಹೇಳಿ, ಭಾರ ಎಳೆಯಲು ಕುದುರೆಯ ಕತ್ತಿಗೆ ತೊಡಿಸುವ ಕಾಲರನ್ನು ಮಾತ್ರ ನನ್ನ ಕೈಗೆ ಕೊಟ್ಟು, ಅದರ ಕೊಂಡಿಯಲ್ಲಿ ಏನಾದರೂ ಮಾಡಲು ಸಾಧ್ಯವೇ ಎಂದು ಕೇಳಿದರು. ಆ ಪ್ರಶ್ನೆಗೆ ನಾನು ಕಳೆದ ಒಂದು ವರ್ಷ ಉತ್ತರ ಹುಡುಕಿದ ಬಗೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನೊಗವನ್ನು ಕಂಡು ಬೆಳೆದವರಿಗೆ ಕುದುರೆಯ ಕಾಲರ್ ಏಕೆ ಅಷ್ಟು ಸೂಕ್ಷ್ಮವಾದ ವಸ್ತುವೆಂಬುದು ತಟ್ಟನೆ ಅರ್ಥವಾಗುವುದಿಲ್ಲ, ನನಗೂ ಅರ್ಥವಾಗಿರಲಿಲ್ಲ. ನಮ್ಮ ಮನೆಯಲ್ಲಿದ್ದ ಹಳ್ಳಿಕಾರ್ ಜೋಡಿಗೆ ನೊಗ ಹೂಡುವುದೆಂದರೆ ಮರದ ತೊಲೆಯನ್ನು ಹಿಣಿಲಿನ ಮುಂದೆ ಇಟ್ಟು, ಕೊರಳ ಕಣ್ಣಿಯನ್ನು ಕಟ್ಟುವುದಷ್ಟೇ ಆಗಿತ್ತು. ಎತ್ತಿಗೆ ಹಿಣಿಲು ಇರುವುದರಿಂದ ನೊಗ ಹಿಂದಕ್ಕೆ ಜಾರದೆ ಅಲ್ಲಿಯೇ ನಿಲ್ಲುತ್ತದೆ. ಕುದುರೆಗೆ ಅಂಥ ತಡೆ ಇಲ್ಲ, ಅದರ ಕತ್ತೂ ಮೇಲ್ಮುಖವಾಗಿ ಏಳುತ್ತದೆ. ಆದ್ದರಿಂದ ಕೊರಳಿಗೆ ಕಟ್ಟಿದ ಪಟ್ಟಿಯಿಂದ ಎಳೆಸಿದರೆ ಆ ಪಟ್ಟಿ ಮೇಲಕ್ಕೆ ಸರಿದು ಗಂಟಲನ್ನು ಒತ್ತುವ ಅಪಾಯವಿದೆ. ಫ್ರೆಂಚ್ ಸೇನಾಧಿಕಾರಿಯಾಗಿದ್ದ ಲೆಫೆಬ್ವ್ರ್ ದೆ ನೊಯೆತ್ 1931ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪ್ರಾಚೀನ ಲೋಕದ ಕುದುರೆಗಳು ಉಸಿರುಕಟ್ಟುವ ಇಂಥ ಸಜ್ಜಿನಿಂದಾಗಿಯೇ ಭಾರ ಎಳೆಯಲಾರದೆ ಹೋದವೆಂದು ವಾದಿಸಿದ್ದರು. ಮುಂದೆ ಜಾನ್ ಸ್ಪ್ರುಯಿತ್ ಎಂಬವರು ಹಳೆಯ ಸಜ್ಜುಗಳ ಪ್ರತಿಗಳನ್ನು ಮಾಡಿ, ನಿಜವಾದ ಕುದುರೆಗಳಿಗೆ ತೊಡಿಸಿ ಪರೀಕ್ಷಿಸಿ, ಆ ವಾದದ ಬಹುಭಾಗ ಸಜ್ಜನ್ನು ತಪ್ಪಾಗಿ ಜೋಡಿಸಿದ್ದರಿಂದ ಹುಟ್ಟಿದ್ದೆಂದು ತೋರಿಸಿದರು. ಈ ಚರ್ಚೆಯನ್ನು ಓದಿದಾಗ ನನಗೆ ಮುಖ್ಯವೆನಿಸಿದ್ದು ಇಷ್ಟು: ಪಟ್ಟಿ ಎರಡು ಇಂಚು ಮೇಲೆ ಇದೆಯೋ ಕೆಳಗೆ ಇದೆಯೋ ಎಂಬುದರ ಮೇಲೆ ಒಂದು ನಾಗರಿಕತೆಯ ಸಾರಿಗೆಯ ಬಗೆಗಿನ ತೀರ್ಮಾನವೇ ನಿಂತಿತ್ತು.

ಪೂರ್ಣ ಕಾಲರ್ ಎಂದರೆ ಕುದುರೆಯ ಕತ್ತಿನ ಬುಡವನ್ನು ಸುತ್ತುವರಿಯುವ, ಕಣ್ಣೀರ ಹನಿಯ ಆಕಾರದ, ಹುಲ್ಲು ಅಥವಾ ಉಣ್ಣೆಯಂಥದನ್ನು ಗಟ್ಟಿಯಾಗಿ ತುಂಬಿ ಹೊಲಿದ ಚರ್ಮದ ದಿಂಬು. ಅದರ ಹೊರ ಅಂಚಿನ ಕಾಲುವೆಯಂಥ ತಗ್ಗಿನಲ್ಲಿ ಎರಡು ಬಾಗಿದ ತೋಳುಗಳು ಕೂರುತ್ತವೆ; ಮರದಲ್ಲೋ ಲೋಹದಲ್ಲೋ ಮಾಡಿದ ಇವುಗಳನ್ನು ಹೇಮ್ ಎನ್ನುತ್ತಾರೆ. ಎಳೆಪಟ್ಟಿಗಳು ಹೇಮ್‌ಗಳಿಗೆ ಸೇರಿರುತ್ತವೆಯೇ ಹೊರತು ಕಾಲರಿಗಲ್ಲ. ಹೇಮ್‌ಗಳೆರಡನ್ನೂ ಮೇಲೊಂದು, ಕೆಳಗೊಂದು ಪಟ್ಟಿ ಬಿಗಿದು ಹಿಡಿದಿರುತ್ತದೆ. ಭುಜಗಳು ಹಿಂದಕ್ಕೆ ಹೋದಂತೆ ಅಗಲವಾಗುವುದರಿಂದ, ಕುದುರೆ ಮುಂದಕ್ಕೆ ಒತ್ತಿದಷ್ಟೂ ಅವು ಬೆಣೆಯಂತೆ ಹೇಮ್‌ಗಳನ್ನು ಅಗಲಿಸಲು ನೋಡುತ್ತವೆ. ಈ ಸೆಳೆತವೆಲ್ಲ ಬೀಳುವುದು ಆ ಎರಡು ಪುಟ್ಟ ಪಟ್ಟಿಗಳ ಮೇಲೆ. 800 ಕಿಲೋ ತೂಕದ ಕುದುರೆ ದಿನವಿಡೀ ಎಳೆಯಬಲ್ಲ ಬಲ ಸುಮಾರಾಗಿ ಅದರ ತೂಕದ ಹತ್ತನೆಯ ಒಂದು ಭಾಗ, ಅಂದರೆ 80 ಕಿಲೋದಷ್ಟು. ಆದರೆ ಕೆಸರಿನಲ್ಲಿ ಹೂತ ಬಂಡಿಯನ್ನು ಕದಲಿಸುವ ಕ್ಷಣದಲ್ಲಿ ಅದು ಅದರ ಹಲವು ಪಟ್ಟು ಬಲ ಹಾಕುತ್ತದೆ. ಕೆಳಗಿನ ಹೇಮ್ ಪಟ್ಟಿ ಹರಿದರೆ ಸಜ್ಜು ಕಳಚಿ ಕುದುರೆಯ ಕಾಲಿಗೆ ಸಿಕ್ಕುತ್ತದೆ, ಜೋಡಿ ಬೆದರಿ ಓಡುತ್ತದೆ. ಅನುಭವಿಗಳು ಬೇರೆ ಯಾವ ಪಟ್ಟಿಯನ್ನು ಮರೆತರೂ ಇದೊಂದನ್ನು ಪ್ರತಿದಿನ ಬೆರಳಾಡಿಸಿ ನೋಡುವುದು ಆ ಕಾರಣಕ್ಕೆ.

ಕಾಲರಿನ ಅಳತೆಯನ್ನು ಇಲ್ಲಿ ಇಂಚಿನಲ್ಲಿ, ಮೇಲಿನ ಒಳತುದಿಯಿಂದ ಕೆಳಗಿನ ಒಳತುದಿಯವರೆಗೆ ಹೇಳುತ್ತಾರೆ. ಭಾರಿ ತಳಿಗಳಿಗೆ ಬಹುಮಟ್ಟಿಗೆ 22ರಿಂದ 26 ಇಂಚು ಬೇಕಾಗುತ್ತದೆ. ಕುದುರೆ ತಲೆಯನ್ನು ಕೆಲಸದ ಎತ್ತರದಲ್ಲಿ ಹಿಡಿದಿರುವಾಗ ಕಾಲರನ್ನು ಭುಜಕ್ಕೆ ಒತ್ತಿ, ಕೆಳಗೆ ಶ್ವಾಸನಾಳದ ಬಳಿ ಚಪ್ಪಟೆ ಅಂಗೈ ತೂರುವಷ್ಟು, ಪಕ್ಕಗಳಲ್ಲಿ ಬೆರಳ ತುದಿ ಹೋಗುವಷ್ಟು ಸಡಿಲವಿದ್ದರೆ ಸರಿಯಾಗಿದೆ ಎಂದು ಲೆಕ್ಕ. ಎಳೆಪಟ್ಟಿ ಹೇಮ್‌ಗೆ ಸೇರುವ ಜಾಗ, ಅಂದರೆ ಎಳೆತದ ಬಿಂದು, ಕಾಲರಿನ ಕೆಳತುದಿಯಿಂದ ಹೆಚ್ಚುಕಡಿಮೆ ಮೂರನೆಯ ಒಂದು ಭಾಗದಷ್ಟು ಎತ್ತರದಲ್ಲಿರಬೇಕು. ಅದಕ್ಕಿಂತ ಕೆಳಗಿಳಿದರೆ ಭುಜದ ಕೀಲಿನ ಚಲನೆಗೆ ಅಡ್ಡಿಯಾಗುತ್ತದೆ. ಮೇಲೇರಿದರೆ ಕಾಲರ್ ಕತ್ತಿನತ್ತ ಸರಿಯುತ್ತದೆ.

ತೊಡಕು ಇರುವುದು ಕುದುರೆಯ ಮೈ ವರ್ಷವಿಡೀ ಒಂದೇ ಅಳತೆಯಲ್ಲಿ ಇರುವುದಿಲ್ಲ ಎಂಬುದರಲ್ಲಿ. ಚಳಿಗಾಲವಿಡೀ ಕೊಟ್ಟಿಗೆಯಲ್ಲಿ ತಿಂದು ನಿಂತ ಕುದುರೆ ಏಪ್ರಿಲ್‌ನಲ್ಲಿ ಉಳುಮೆಗೆ ಇಳಿಯುವಾಗ ಅದರ ಕತ್ತು ಕೊಬ್ಬಿ ದಪ್ಪವಾಗಿರುತ್ತದೆ, ಜೂನ್ ಬರುವಷ್ಟರಲ್ಲಿ ಅದೇ ಕಾಲರ್ ಭುಜದ ಮೇಲೆ ಅತ್ತಿತ್ತ ಹೊರಳುವಷ್ಟು ಇಳಿದಿರುತ್ತದೆ. ಎಳೆಯ ಕುದುರೆಗಳ ಮೈ ಐದಾರು ವರ್ಷ ವಯಸ್ಸಿನವರೆಗೂ ತುಂಬಿಕೊಳ್ಳುತ್ತಲೇ ಇರುತ್ತದೆ. ಒಂದೊಂದು ಕುದುರೆಗೂ ಮೂರು ಮೂರು ಕಾಲರ್ ಇಟ್ಟುಕೊಳ್ಳಲು ಎಲ್ಲರಿಗೂ ಆಗುವುದಿಲ್ಲ. ಒಳಗೆ ಹೆಚ್ಚುವರಿ ಮೆತ್ತೆ ಹಾಕಿ ಸರಿದೂಗಿಸುವುದು ಹಳೆಯ ಉಪಾಯವಾದರೂ ಅದು ಬೆವರನ್ನು ಹಿಡಿದಿಟ್ಟು ಶಾಖವನ್ನು ಹೆಚ್ಚಿಸುತ್ತದೆ. ಹೊಂದಿಸಬಹುದಾದ ಕಾಲರ್ ಹುಟ್ಟಿದ್ದು ಈ ಅಗತ್ಯದಿಂದ. ಅಮೆರಿಕದ ಸೇನೆ 20ನೇ ಶತಮಾನದ ಆರಂಭದಲ್ಲಿ ಫಿರಂಗಿ ಎಳೆಯುವ ಕುದುರೆಗಳಿಗೆ ಉಕ್ಕಿನ, ಅಳತೆ ಬದಲಿಸಬಹುದಾದ ಕಾಲರನ್ನು ಬಳಸುತ್ತಿತ್ತು. ಒಂದು ಕುದುರೆ ಬಿದ್ದರೆ ಇನ್ನೊಂದಕ್ಕೆ ಕೂಡಲೇ ಅದೇ ಸಜ್ಜು ಹೂಡಬೇಕಾದ ಕಡೆ ಅದರ ಉಪಯೋಗ ಸ್ಪಷ್ಟ. ಇಂದು ಇಲ್ಲಿ ಸಿಗುವ ಚರ್ಮದ ಕಾಲರುಗಳಲ್ಲಿ ಮೇಲ್ತುದಿಯ ಟೋಪಿಯಂಥ ತುಂಡನ್ನು ಎರಡೂ ಬದಿಯ ಬಕಲ್‌ಗಳಿಂದ ಮೇಲೆ ಕೆಳಗೆ ಸರಿಸಿ ಎರಡು ಮೂರು ಇಂಚು ವ್ಯತ್ಯಾಸ ಮಾಡಿಕೊಳ್ಳಬಹುದು.

ನನ್ನ ಕೈಗೆ ಬಂದದ್ದೂ ಅಂಥದೇ ಕಾಲರ್. ಗಾಯದ ಕಾರಣವನ್ನು ಕಂಡುಹಿಡಿಯಲು ನನಗೆ ಎರಡು ದಿನ ಬೇಕಾಯಿತು, ಕಂಡ ಮೇಲೆ ಅದು ಎಷ್ಟು ಸರಳವೆಂದು ಮನಸ್ಸಿಗೆ ನೋವಾಯಿತು. ಈ ಕಡೆಯ ಕಾಲರನ್ನು ತಲೆಯ ಮೇಲಿಂದ ತೂರಿಸುವುದಿಲ್ಲ. ಮೇಲ್ತುದಿಯನ್ನು ಬಿಚ್ಚಿ ಕತ್ತಿಗೆ ಸುತ್ತಿ ಮತ್ತೆ ಬಕಲ್ ಹಾಕುತ್ತಾರೆ. ಅಂದರೆ ಅಳತೆ ಹೊಂದಿಸುವ ಬಕಲ್ ಮತ್ತು ದಿನವೂ ತೆರೆದು ಮುಚ್ಚುವ ಬಕಲ್ ಒಂದೇ. ಆ ದಿನ ನಸುಕಿನಲ್ಲಿ ಸಜ್ಜು ಹೂಡಿದ ಮನೆಯ ಹುಡುಗ ಬಲಬದಿಯಲ್ಲಿ ಸರಿಯಾದ ರಂಧ್ರಕ್ಕೆ, ಎಡಬದಿಯಲ್ಲಿ ಅದರ ಪಕ್ಕದ ರಂಧ್ರಕ್ಕೆ ಮುಳ್ಳು ಸಿಕ್ಕಿಸಿದ್ದ. ಮುಂಗೈಯಷ್ಟು ದಪ್ಪದ ಚರ್ಮದ ಮಡಿಕೆಯಲ್ಲಿ ಒಂದು ರಂಧ್ರದ ವ್ಯತ್ಯಾಸ ಯಾರ ಕಣ್ಣಿಗೂ ಕಾಣುವಂಥದಲ್ಲ. ಆದರೆ ಕಾಲರ್ ಒಂದು ಬದಿಗೆ ಓರೆಯಾಯಿತು, ಎಡ ಹೇಮ್‌ನ ಎಳೆತದ ಬಿಂದು ಕೆಳಗಿಳಿಯಿತು, ಹೆಜ್ಜೆ ಹೆಜ್ಜೆಗೂ ದಿಂಬು ಚರ್ಮದ ಮೇಲೆ ಜರುಗಿತು. ಕೊಯ್ಲಿನ ಉತ್ತುಂಗದಲ್ಲಿ ಆ ಕುದುರೆ ಮೂರು ವಾರ ನಿಂತಿತು. ತಪ್ಪು ಹುಡುಗನದೆಂದು ಅವರು ಒಮ್ಮೆಯೂ ಹೇಳಲಿಲ್ಲ, ನಾನೂ ಹಾಗೆ ಭಾವಿಸುವುದಿಲ್ಲ. ನಿದ್ದೆಗಣ್ಣಿನ ಹದಿನಾಲ್ಕರ ಹುಡುಗ ಕತ್ತಲಲ್ಲಿ ತಪ್ಪು ಮಾಡಲು ಅವಕಾಶವಿರುವ ಕೊಂಡಿಯೇ ತಪ್ಪು ಕೊಂಡಿ.

ಹೀಗಾಗಿ ನಾನು ಮೊದಲು ತೀರ್ಮಾನಿಸಿದ್ದು, ಅಳತೆ ಹೊಂದಿಸುವ ಕೆಲಸವನ್ನೂ ಮುಚ್ಚುವ ಕೆಲಸವನ್ನೂ ಎರಡು ಬೇರೆ ಭಾಗಗಳಿಗೆ ಹಂಚಬೇಕು ಎಂದು. ಅಳತೆಯನ್ನು ಎರಡು ಮೂರು ವಾರಕ್ಕೊಮ್ಮೆ ಹಿರಿಯರೊಬ್ಬರು ಹಗಲಿನಲ್ಲಿ ಕುದುರೆಯನ್ನು ನಿಲ್ಲಿಸಿ ಹೊಂದಿಸಿ ಬೀಗ ಹಾಕಿದಂತೆ ಭದ್ರಪಡಿಸಬೇಕು. ದಿನದ ಕೊಂಡಿಗೆ ತೆರೆದ ಸ್ಥಿತಿ, ಮುಚ್ಚಿದ ಸ್ಥಿತಿ ಎಂಬ ಎರಡೇ ಸ್ಥಿತಿಗಳಿರಬೇಕು. ನಡುವೆ ಏನೂ ಇರಬಾರದು.

ಮೊದಲ ಪ್ರಯತ್ನದಲ್ಲಿ ಸರಕಿಗೆ ಕಟ್ಟುವ ಪಟ್ಟಿಗಳಲ್ಲಿರುವಂಥ, ಹಲ್ಲಿಲ್ಲದ ಒತ್ತು ಕೊಂಡಿಯನ್ನು ಬಳಸಿದೆ. ಘರ್ಷಣೆಯ ಬಲದಿಂದ ನಿಲ್ಲುವ ಈ ಕೊಂಡಿ ಕಾರ್ಖಾನೆಯ ಮೇಜಿನ ಮೇಲೆ ಚೆನ್ನಾಗಿ ಹಿಡಿಯಿತು, ಹೊಲದಲ್ಲಿ ನಾಲ್ಕನೆಯ ದಿನಕ್ಕೆ ಜಾರಿತು. ಕುದುರೆಯ ಬೆವರಿನಲ್ಲಿ ನೊರೆ ಬರಿಸುವ ಒಂದು ಪ್ರೋಟೀನ್ ಇರುತ್ತದೆ. ಸಜ್ಜಿನ ಅಂಚಿನಲ್ಲಿ ಸಾಬೂನಿನಂತೆ ಕಾಣುವ ಬಿಳಿ ನೊರೆ ಅದರಿಂದ ಆದದ್ದು, ಪಟ್ಟಿಗೆ ಅದು ತಗುಲಿದ ಮೇಲೆ ಘರ್ಷಣೆಯ ಲೆಕ್ಕಾಚಾರಗಳೆಲ್ಲ ತಲೆಕೆಳಗಾದವು. ಎರಡನೆಯ ಬಾರಿ ಒಂದೇ ದಿಕ್ಕಿಗೆ ಸರಿದು ಕಚ್ಚಿಕೊಳ್ಳುವ ಸಣ್ಣ ಹಲ್ಲುಗಳ ರ‍್ಯಾಚೆಟ್ ಮಾಡಿದೆ. ಮೂರು ಮಿಲಿಮೀಟರಿನಷ್ಟು ನಯವಾಗಿ ಹೊಂದಿಸಬಹುದೆಂಬ ಹೆಮ್ಮೆ ನನಗಿತ್ತು. ಆದರೆ ಹಲ್ಲುಗಳ ನಡುವೆ ಕೂದಲು, ಒಣಹುಲ್ಲಿನ ಪುಡಿ, ಮಣ್ಣು ಸೇರಿ ಹೊರಗೆ ಮುಚ್ಚಿದಂತೆ ಕಂಡರೂ ಒಳಗೆ ಪೂರ್ತಿ ಕಚ್ಚಿರುತ್ತಿರಲಿಲ್ಲ. ಮುಚ್ಚಿದೆಯೆಂದು ತೋರಿ ಮುಚ್ಚಿರದ ಕೊಂಡಿ, ತೆರೆದೇ ಇರುವ ಕೊಂಡಿಗಿಂತ ಅಪಾಯಕಾರಿ. ಅದನ್ನು ನಾನು ಒಂದೇ ವಾರದಲ್ಲಿ ಕಳಚಿದೆ.

ಈಗ ಕೆಲಸದಲ್ಲಿರುವುದು ಮೂರನೆಯದು. ಕಾಲರಿನ ಮೇಲ್ತುದಿಯ ಎರಡೂ ಬದಿಗೆ ಒಂದರೊಳಗೊಂದು ಜಾರುವ ಎರಡು ತೆಳು ಫಲಕಗಳಿವೆ. ಎರಡರಲ್ಲೂ ಅರ್ಧ ಇಂಚಿಗೊಂದರಂತೆ ರಂಧ್ರಗಳಿವೆ, ಪಕ್ಕದಲ್ಲಿ ಅಂಕಿ ಕೆತ್ತಿದೆ. ಎರಡು ರಂಧ್ರಗಳಿಗೆ ಒಟ್ಟಿಗೆ ಹೋಗುವ ಜೋಡಿಗೂಟವನ್ನು ತೂರಿಸಿ ಕಾಲು ಸುತ್ತು ತಿರುಗಿಸಿದರೆ ಸ್ಪ್ರಿಂಗ್ ಅದನ್ನು ತಗ್ಗಿಗೆ ಎಳೆದು ಕೂರಿಸುತ್ತದೆ. ಸರಿಯಾಗಿ ಕೂರದಿದ್ದರೆ ಅದರ ಹಿಡಿ ಮೇಲೆದ್ದು ನಿಲ್ಲುವುದರಿಂದ ಕತ್ತಲಲ್ಲೂ ಹೆಬ್ಬೆರಳಿಗೆ ತಿಳಿಯುತ್ತದೆ. ಎಡಕ್ಕೆ 4 ಎಂದಿದ್ದರೆ ಬಲಕ್ಕೂ 4 ಇರಬೇಕು. ದಿನದ ಕೊಂಡಿ ಇದಕ್ಕೆ ಸಂಬಂಧವೇ ಇಲ್ಲದ ಒಂದು ಸರಳ ಕೊಕ್ಕೆ. ಅದು ಕೇವಲ ಒಂದು ಬದಿಯಲ್ಲಿದೆ, ಇನ್ನೊಂದು ಬದಿ ಬಾಗಿಲ ಕೀಲಿನಂತೆ ಮಡಚಿಕೊಳ್ಳುತ್ತದೆ. ಇದರಿಂದ ಇನ್ನೊಂದು ಲಾಭವೂ ಆಯಿತು: ತೆರೆದ ಕಾಲರನ್ನು ಹಾಗೆಯೇ ಮೊಳೆಗೆ ತೂಗುಹಾಕಿದರೆ ಅದರ ಗಂಟಲಭಾಗ ಅಗಲಿ ಒಳಗಿನ ತುಂಬು ಮುರಿಯುತ್ತದೆ, ಮುಚ್ಚುವುದು ಸುಲಭವಾದ ಮೇಲೆ ಮನೆಯವರೆಲ್ಲ ಮುಚ್ಚಿಯೇ ತೂಗುಹಾಕುತ್ತಿದ್ದಾರೆ.

ಕೆಳಗಿನ ಹೇಮ್ ಕೊಂಡಿಯ ವಿಷಯ ಬೇರೆ, ಅಲ್ಲಿ ನನಗೆ ಹೆಚ್ಚು ಭಯವಿತ್ತು. ಮುಳ್ಳಿನ ಬಕಲನ್ನು ಬಿಚ್ಚಬೇಕಾದರೆ ಮೊದಲು ಪಟ್ಟಿಯನ್ನು ಇನ್ನಷ್ಟು ಬಿಗಿ ಎಳೆಯಬೇಕು. ಕುದುರೆ ಬಿದ್ದು ಎಳೆಪಟ್ಟಿಗಳೆಲ್ಲ ಬಿಗಿದಿರುವಾಗ ಅದು ಮನುಷ್ಯನ ಕೈಯಿಂದ ಆಗದ ಮಾತು. ಅದಕ್ಕೇ ಹಲವರು ಸೊಂಟದಲ್ಲಿ ಚಾಕು ಇಟ್ಟುಕೊಳ್ಳುತ್ತಾರೆ. ಹಾಯಿದೋಣಿಗಳಲ್ಲಿ, ಉಂಗುರವನ್ನು ಜಾರಿಸಿದೊಡನೆ ಭಾರದ ನಡುವೆಯೇ ತೆರೆದುಕೊಳ್ಳುವ ಉದ್ದಮೂತಿಯ ಕೊಕ್ಕೆಯೊಂದಿದೆ. ಅದೇ ತತ್ತ್ವವನ್ನು ಇಲ್ಲಿ ಅಳವಡಿಸಿ, ಉಂಗುರ ತಾನಾಗಿ ಜಾರದಂತೆ ಅದರ ಮೇಲೊಂದು ಚರ್ಮದ ಕುಣಿಕೆಯನ್ನು ಸೇರಿಸಿದ್ದೇನೆ. ಕುದುರೆ ಮೂತಿಯಿಂದ ಉಜ್ಜಿದರೆ ಅದು ಬಿಚ್ಚಬಾರದು, ಕೈಗವಸು ತೊಟ್ಟ ಒಂದೇ ಕೈಯಿಂದ ಬಿಚ್ಚಬೇಕು. 120 ಕಿಲೋ ತೂಕ ತೂಗಿಸಿ ಐವತ್ತು ಬಾರಿ ತೆರೆದು ನೋಡಿದ್ದೇನೆ. ನಿಜವಾದ ಅವಘಡದಲ್ಲಿ ಅದರ ಮೇಲೆ ಬೀಳುವ ಸೆಳೆತ ಇದಕ್ಕಿಂತ ಹೆಚ್ಚಿರಬಹುದಾದ್ದರಿಂದ ಹಳೆಯ ಚರ್ಮದ ಪಟ್ಟಿಯನ್ನೂ ಸಡಿಲವಾಗಿ ಜೊತೆಗೆ ಕಟ್ಟಿಸಿದ್ದೇನೆ, ಚಾಕು ಇಟ್ಟುಕೊಳ್ಳುವುದನ್ನು ಬಿಡಬೇಡಿರೆಂದೂ ಹೇಳಿದ್ದೇನೆ.

ಲೋಹದ ಆಯ್ಕೆಯಲ್ಲಿ ಒಂದು ಪಾಠ ಕಲಿತೆ. ಉಪ್ಪು ತುಂಬಿದ ಬೆವರಿನಲ್ಲಿ ಹಿತ್ತಾಳೆಯ ಒಡಲಿಗೆ ತೂರಿಸಿದ ಸಾದಾ ಉಕ್ಕಿನ ಗೂಟ ಒಂದು ತಿಂಗಳಲ್ಲೇ ಕಚ್ಚಿಹೋಯಿತು, ಸ್ಟೇನ್‌ಲೆಸ್ ಉಕ್ಕಿಗೆ ಸ್ಟೇನ್‌ಲೆಸ್ ಉಕ್ಕನ್ನೇ ಉಜ್ಜಿಸಿದಾಗಲೂ ಮೇಲ್ಮೈ ಕಿತ್ತು ಹಿಡಿದುಕೊಂಡಿತು. ಈಗ ಸ್ಟೇನ್‌ಲೆಸ್ ಗೂಟ ಕಂಚಿನ ಪೊರೆಯಲ್ಲಿ ತಿರುಗುತ್ತದೆ. ಬಿಡಿಭಾಗಗಳೆಲ್ಲವೂ ಅವರ ಸಂಬಂಧಿಕರ ಕಾರ್ಯಾಗಾರದಲ್ಲೇ ತಯಾರಾಗುವಂತಿರಬೇಕೆಂಬುದು ಹಿರಿಯರು ಹಾಕಿದ ಏಕೈಕ ಷರತ್ತು. ಅಲ್ಲಿ ವಿದ್ಯುತ್ ಜಾಲದ ಸಂಪರ್ಕವಿಲ್ಲ, ಡೀಸೆಲ್ ಎಂಜಿನ್ ಒತ್ತಿದ ಗಾಳಿಯಿಂದ ಕೊರೆಯುವ ಯಂತ್ರ ನಡೆಯುತ್ತದೆ. ಆ ಷರತ್ತಿನಿಂದಾಗಿ ನನ್ನ ನಕ್ಷೆಯಿಂದ ಹನ್ನೊಂದು ಭಾಗಗಳು ಕಡಿಮೆಯಾದವು, ವಸ್ತು ಮೊದಲಿಗಿಂತ ಉತ್ತಮವಾಯಿತು.

ಬಗೆಹರಿಯದಿರುವುದು ಅಗಲದ ಪ್ರಶ್ನೆ. ಕುದುರೆ ಇಳಿದಾಗ ಕತ್ತು ಉದ್ದದಲ್ಲಿ ಮಾತ್ರವಲ್ಲ, ಪಕ್ಕಗಳಲ್ಲಿಯೂ ಇಳಿಯುತ್ತದೆ, ನನ್ನ ಫಲಕಗಳು ಉದ್ದವನ್ನಷ್ಟೇ ಬದಲಿಸುತ್ತವೆ. ಯುರೋಪಿನಲ್ಲಿ ಬಳಕೆಯಲ್ಲಿರುವ ಮೂರು ಮೆತ್ತೆಯ ಕಾಲರಿನಲ್ಲಿ ಎರಡು ಮರದ ತೋಳುಗಳಿಗೆ ಭುಜದ ಮೆತ್ತೆ ಎರಡು, ಮೇಲೊಂದು ಪ್ರತ್ಯೇಕವಾಗಿ ಕಟ್ಟಿರುವುದರಿಂದ ಅಗಲವನ್ನೂ ಹೊಂದಿಸಬಹುದು. ಆಫ್ರಿಕಾದಲ್ಲಿ ಕತ್ತೆಗಳಿಗೂ ಎತ್ತುಗಳಿಗೂ ಅದನ್ನು ಪರಿಚಯಿಸಿದ್ದಾರೆ. ನಮ್ಮಲ್ಲಿ ಐಐಎಂ ಬೆಂಗಳೂರಿನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಎತ್ತಿನಗಾಡಿಯ ಸುಧಾರಣೆಗಾಗಿ ದಶಕಗಳ ಕಾಲ ಶ್ರಮಿಸಿದಾಗ, ನೊಗದಿಂದ ಎತ್ತಿನ ಕತ್ತಿಗಾಗುವ ಗಾಯವನ್ನೂ ಮುಖ್ಯ ವಿಷಯವಾಗಿ ಎತ್ತಿಕೊಂಡಿದ್ದರು. ನಮ್ಮ ಎತ್ತುಗಳ ಕತ್ತಿಗೆ ಅಪ್ಪ ಬೇವಿನೆಣ್ಣೆ ಸವರುತ್ತಿದ್ದುದನ್ನು ನಾನು ದಿನಚರಿಯೆಂದೇ ತಿಳಿದಿದ್ದೆ, ನೊಗದ ದೋಷವೆಂದು ಆಗ ನನಗೆ ಹೊಳೆದಿರಲಿಲ್ಲ.

ಆ ಕುದುರೆಯ ಭುಜದಲ್ಲಿ ಈಗ ಬಿಳಿಯ ಕೂದಲಿನ ಒಂದು ಮಚ್ಚೆ ಉಳಿದಿದೆ. ಈ ವಸಂತದಲ್ಲಿ ಫಲಕವನ್ನು 6ರಿಂದ ಆರಂಭಿಸಿದೆವು, ನಿನ್ನೆ 4ಕ್ಕೆ ಇಳಿಸಿದೆವು. ಮುಂದಿನ ವಾರ ಭುಜದ ಮೆತ್ತೆಗಳಿಗೆ ಹಿಂದಿನಿಂದ ಸೇರಿಸಬಹುದಾದ ತೆಳುವಾದ ಉಣ್ಣೆಯ ಪದರಗಳನ್ನು, ಎಡಕ್ಕೂ ಬಲಕ್ಕೂ ಒಂದೇ ದಪ್ಪದಲ್ಲಿ, ಕತ್ತರಿಸಿಕೊಂಡು ಹೋಗಲಿದ್ದೇನೆ.