ಡಬ್ಬಿ ಡಬ್ಬಿಯಾಗಿ ಬರುತ್ತಿದ್ದ ಕನ್ನಡ

ಮೊನ್ನೆ ಊರಿಗೆ ಹೋಗಿದ್ದೆ. ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಒಳಗೆ, ಬಸ್ಸಿಳಿದು ಎರಡು ಕಿಲೋಮೀಟರ್ ನಡೆಯಬೇಕಾದ ಊರು ನಮ್ಮದು. ಕರೆಂಟ್ ಹೋಗಿತ್ತು. ಅಪ್ಪ ಅಡಿಕೆ ಒಣಹಾಕಿದ ಅಂಗಳದ ಮೂಲೆಯಲ್ಲಿ, ತುಳಸಿಕಟ್ಟೆ ಪಕ್ಕ, ಫೋನನ್ನು ಸ್ವಲ್ಪ ಮೇಲೆ ಹಿಡಿದುಕೊಂಡು ನಿಂತಿದ್ದರು. ಆ ಜಾಗ ನನಗೆ ಚೆನ್ನಾಗಿ ಗೊತ್ತು. ಕಾಲೇಜಿಗೆ ಹೋಗುವಾಗ ನಾನೂ ಅಲ್ಲೇ ನಿಲ್ಲುತ್ತಿದ್ದೆ, ನಮ್ಮ ಮನೆಗೆ ಟವರ್ ಸಿಗುವುದು ಅಲ್ಲಿ ಮಾತ್ರ.

"ತಮ್ಮಾ, ಇದು ಸುತ್ತುತ್ತಾನೇ ಇದೆ, ಬರ್ತಾನೇ ಇಲ್ಲ, ಸ್ವಲ್ಪ ನೋಡು" ಅಂದರು.

ನೋಡಿದೆ. ಯಾವುದೋ ಸುದ್ದಿ ವೆಬ್‌ಸೈಟು. ಅಪ್ಪನಿಗೆ ಬೇಕಾಗಿದ್ದದ್ದು ಅವತ್ತಿನ 'ರಾಶಿ' ಅನ್ನೋ ಬಗೆಯ ಅಡಿಕೆಯ ದರ. ಒಂದು ಸಾಲು, ನಾಲ್ಕೈದು ಅಂಕಿ, ಅಷ್ಟೇ. ಅದಕ್ಕೆ ಮೊದಲು ಜಾಹೀರಾತು ಬರಬೇಕು, ತಾನಾಗೇ ಓಡುವ ವಿಡಿಯೋ ಬರಬೇಕು, ನೋಟಿಫಿಕೇಶನ್ ಬೇಕಾ ಅಂತ ಕೇಳಬೇಕು. ಒಂದು ಕಡ್ಡಿ ಸಿಗ್ನಲ್‌ನಲ್ಲಿ ಇದೆಲ್ಲ ಬಂದು ಮುಗಿಯುವ ಹೊತ್ತಿಗೆ ಅಪ್ಪ ಒಂದು ಲೋಟ ಚಹಾ ಕುಡಿದು ಮುಗಿಸಿದರು, ದರ ಇನ್ನೂ ಬಂದಿರಲಿಲ್ಲ. ನನಗೆ ನಿಜಕ್ಕೂ ಬೇಜಾರಾಯಿತು, ಯಾಕಂದ್ರೆ ಇಂಥ ಪೇಜುಗಳನ್ನು ಮಾಡುವ ಕೆಲಸವೇ ನನ್ನದು. ಅದಕ್ಕಿಂತ ಜಾಸ್ತಿ ಬೇಜಾರು, ಇದೇ ಮೂಲೆಯಲ್ಲಿ ಇದಕ್ಕಿಂತ ಎಷ್ಟೋ ಕಳಪೆ ನೆಟ್‌ವರ್ಕ್‌ನಲ್ಲಿ ಕನ್ನಡ ಓದಿದ್ದು ನೆನಪಾಗಿ.

2009ರ ಮಾತು. ನನ್ನ ಕೈಯಲ್ಲಿದ್ದದ್ದು ಗುಂಡಿ ಒತ್ತುವ ಒಂದು ಜಾವಾ ಫೋನ್. ನೆಟ್‌ವರ್ಕ್ ಅಂದ್ರೆ ಜಿಪಿಆರ್‌ಎಸ್. ಜಿಎಸ್‌ಎಂ ಅನ್ನೋ 2ಜಿ ಮೊಬೈಲ್ ವ್ಯವಸ್ಥೆಯನ್ನು ಕಟ್ಟಿದ್ದು ಮಾತಿಗಾಗಿ. ಅದರಲ್ಲಿ ಒಂದೊಂದು ತರಂಗವನ್ನೂ ಸಮಯದ ಎಂಟು ತುಂಡು ಮಾಡಿ ಎಂಟು ಜನರಿಗೆ ಹಂಚುತ್ತಾರೆ, ಆ ತುಂಡುಗಳಲ್ಲಿ ಯಾರೂ ಮಾತಾಡದೆ ಖಾಲಿ ಬಿದ್ದದ್ದನ್ನು ಡೇಟಾಕ್ಕೆ ಬಳಸಿಕೊಳ್ಳುವುದೇ ಜಿಪಿಆರ್‌ಎಸ್. ಹಾಗಾಗಿ ಸಂಜೆ ಊರವರೆಲ್ಲ ಫೋನಿನಲ್ಲಿ ಮಾತಾಡುವ ಹೊತ್ತಿಗೆ ನೆಟ್ ನಿಂತೇ ಹೋಗುತ್ತಿತ್ತು. ನಮಗೇ ಒಂದು ಕಾಲ್ ಬಂದರೂ ಅರ್ಧ ತೆರೆದ ಪೇಜು ಅಲ್ಲೇ ನಿಲ್ಲುತ್ತಿತ್ತು. ಪ್ಯಾಕ್ ಹಾಕಿಸದಿದ್ದರೆ 10 ಕೆಬಿಗೆ 10 ಪೈಸೆ ಕತ್ತರಿಸುತ್ತಿದ್ದರು. ಲೆಕ್ಕ ಹಾಕಿ ನೋಡಿ, ಒಂದು ಎಂಬಿಗೆ ಹತ್ತು ರೂಪಾಯಿ. ಇವತ್ತು ಸಾಧಾರಣ ಒಂದು ಮೊಬೈಲ್ ಪೇಜು ಎರಡು ಎಂಬಿ ದಾಟುತ್ತದೆ. ಅವತ್ತಿನ ದರದಲ್ಲಿ ಅಪ್ಪ ಅಡಿಕೆ ದರ ನೋಡೋದಕ್ಕೆ ಇಪ್ಪತ್ತು ರೂಪಾಯಿ ಕೊಡಬೇಕಾಗುತ್ತಿತ್ತು.

ಅದಕ್ಕೂ ಹಿಂದೆ, ಫೋನಿನಲ್ಲಿ ನೆಟ್ ನೋಡೋದಕ್ಕೆ ವ್ಯಾಪ್ ಅಂತ ಒಂದು ವ್ಯವಸ್ಥೆ ಇತ್ತು. 1999ರಲ್ಲಿ ಬಂದ ನೋಕಿಯಾ 7110 ಅದರ ಮೊದಲ ಫೋನ್. ಅದರ ಪೇಜುಗಳಿಗೆ ಬೇರೆಯದೇ ಭಾಷೆ, ಇಸ್ಪೀಟ್ ಎಲೆಯ ಹಾಗೆ ಕಾರ್ಡು ಕಾರ್ಡಾಗಿ ಬರೆಯಬೇಕು. ನಾನು ಬಳಸಿದ್ದು ಕಡಿಮೆ, ಕನ್ನಡ ಅಂತೂ ಅಲ್ಲಿ ಒಂದಕ್ಷರವೂ ಕಂಡಿಲ್ಲ.

ಜಾವಾ ಫೋನಿನಲ್ಲಿ ಕನ್ನಡ ಸೈಟು ತೆರೆದರೆ ಬರುತ್ತಿದ್ದದ್ದು ಡಬ್ಬಿಗಳು. ಸಾಲು ಸಾಲು ಖಾಲಿ ಚೌಕ ಡಬ್ಬಿಗಳು. ನಡುವೆ ಎಲ್ಲೋ ಒಂದು ತಾರೀಖು, ಒಂದು ಫುಲ್‌ಸ್ಟಾಪು. ಅದರ ಉದ್ದ ನೋಡಿ ಇದು ತಲೆಬರಹ, ಇದು ಸುದ್ದಿ ಅಂತ ಅಂದಾಜು ಮಾಡಬೇಕಿತ್ತು. ಹಾಸ್ಟೆಲಿನಲ್ಲಿ ಒಬ್ಬ ಸೀನಿಯರ್ ಇದ್ದ, ಅವನು ಒಂದು ರಾತ್ರಿ ನನ್ನ ಫೋನ್ ಕಿತ್ತುಕೊಂಡು ಒಪೆರಾ ಮಿನಿ ಅನ್ನೋ ಬ್ರೌಸರ್ ತೆರೆದ. ವಿಳಾಸ ಬರೆಯುವ ಜಾಗದಲ್ಲಿ 'ಒಪೆರಾ', ಮುಂದೆ ಎರಡು ಚುಕ್ಕಿ, ಆಮೇಲೆ 'ಕಾನ್ಫಿಗ್' ಅಂತ ಇಂಗ್ಲಿಷಿನಲ್ಲಿ ಒತ್ತಿದ. ಒಂದು ಸೆಟ್ಟಿಂಗ್ಸ್ ಪೇಜು ಬಂತು. ಅದರ ತೀರಾ ಕೆಳಗೆ, ಕ್ಲಿಷ್ಟ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸಬೇಕೇ ಅಂತ ಒಂದು ಸಾಲು, ಎದುರಿಗೆ 'ನೋ'. ಅದನ್ನು 'ಯೆಸ್' ಮಾಡಿ, ಸೇವ್ ಕೊಟ್ಟು, ಕನ್ನಡ ವಿಕಿಪೀಡಿಯ ತೆರೆದು ಫೋನ್ ನನ್ನ ಕೈಗಿಟ್ಟ.

ಕನ್ನಡ ಇತ್ತು. ಸಣ್ಣಗೆ, ಅಂಚು ಸ್ವಲ್ಪ ಮಸುಕಾಗಿ, ಆದರೆ ಒತ್ತಕ್ಷರ, ಅರ್ಕಾವತ್ತು, ಕೊಂಬು, ದೀರ್ಘ ಎಲ್ಲ ಸರಿಯಾಗಿ ಅದರದರ ಜಾಗದಲ್ಲೇ ಕೂತಿದ್ದವು. ಎರಡು ಇಂಚಿನ ಪರದೆಯಲ್ಲಿ ಅವತ್ತು ಬೆಳಗಿನ ಜಾವದ ತನಕ ಓದಿದೆ.

ಅದು ಹೇಗೆ ಆಗುತ್ತಿತ್ತು ಅಂತ ತಿಳಿದದ್ದು ಆಮೇಲೆ. ಒಪೆರಾ ಮಿನಿ 2006ರ ಜನವರಿಯಲ್ಲಿ ಜಗತ್ತಿಗೆಲ್ಲ ಸಿಕ್ಕಿತು. ಅದು ಪೇಜನ್ನು ಫೋನಿನಲ್ಲಿ ತೆರೆಯುತ್ತಿರಲಿಲ್ಲ. ನಾವು ಕೇಳಿದ ಪೇಜನ್ನು ಎಲ್ಲೋ ದೂರದಲ್ಲಿದ್ದ ಅವರ ಸರ್ವರ್ ತೆರೆದು, ಹಿಂಡಿ, ಚಿಕ್ಕದು ಮಾಡಿ ಕಳಿಸುತ್ತಿತ್ತು. ಬಿಟ್‌ಮ್ಯಾಪ್ ಆನ್ ಮಾಡಿದರೆ ಕನ್ನಡ ಅಕ್ಷರಗಳನ್ನೂ ಅಲ್ಲೇ ಜೋಡಿಸಿ ಚಿತ್ರ ಮಾಡಿ ಕಳಿಸುತ್ತಿತ್ತು. ಫೋನಿಗೆ ಕನ್ನಡ ಬರಬೇಕಾಗಿಯೇ ಇರಲಿಲ್ಲ, ಚಿತ್ರ ತೋರಿಸಲು ಬಂದರೆ ಸಾಕು. ಇಷ್ಟು ಬುದ್ಧಿವಂತ ಕೆಲಸವನ್ನು ನಾನು ಕಂಡದ್ದು ಕಡಿಮೆ, ಆ ಆಯ್ಕೆಯನ್ನು ಅಲ್ಲಿ ಇಟ್ಟವರು ಯಾರೇ ಇರಲಿ, ನನ್ನ ಮಟ್ಟಿಗೆ ಅವರು ದೊಡ್ಡವರು.

ಆಗ ನಾವು ಮೆಸೇಜನ್ನೂ ಕಂಗ್ಲಿಷ್‌ನಲ್ಲೇ ಮಾಡುತ್ತಿದ್ದೆವು. ಬೇರೆ ದಾರಿ ಇರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಸುತ್ತದೆ. ಕನ್ನಡದಲ್ಲಿ ಬರೆದರೆ 70. ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. 'ಅಮ್ಮ' ಅಂತ ಬರೆದರೆ ನಮ್ಮ ಕಣ್ಣಿಗೆ ಎರಡಕ್ಷರ, ಫೋನಿನ ಲೆಕ್ಕದಲ್ಲಿ ನಾಲ್ಕು: ಅ, ಮ, ಎರಡನ್ನೂ ಜೋಡಿಸುವ, 'ವಿರಾಮ' ಅಂತ ಕರೆಯುವ ಗುರುತು (್), ಮತ್ತೆ ಮ. ಮೆಸೇಜಿಗೆ ದುಡ್ಡು ಕೊಡುತ್ತಿದ್ದ ಕಾಲದಲ್ಲಿ ಕನ್ನಡದಲ್ಲಿ ಬರೆದರೆ ಖರ್ಚು ದುಪ್ಪಟ್ಟು.

ಆಮೇಲೆ 3ಜಿ ಬಂತು. 2010ರ ತರಂಗಗುಚ್ಛ ಹರಾಜು 34 ದಿನ ನಡೆಯಿತು, ಸರ್ಕಾರಕ್ಕೆ 67 ಸಾವಿರ ಕೋಟಿಗೂ ಜಾಸ್ತಿ ಬಂತು. ಬೆಂಗಳೂರಿನಲ್ಲಿ ಗೆಳೆಯರು ವಿಡಿಯೋ ನೋಡುತ್ತಿದ್ದರು. ನಮ್ಮ ಅಂಗಳಕ್ಕೆ ಅದು ಬರಲೇ ಇಲ್ಲ. 3ಜಿ ಹೆಚ್ಚಾಗಿ ಓಡಿದ್ದು 2100 ಮೆಗಾಹರ್ಟ್ಸ್‌ನಲ್ಲಿ. ಮೆಗಾಹರ್ಟ್ಸ್ ಜಾಸ್ತಿಯಾದಷ್ಟೂ ತರಂಗ ಗಿಡ್ಡ, ಗಿಡ್ಡವಾದಷ್ಟೂ ಗುಡ್ಡ, ಮರ, ಗೋಡೆ ದಾಟುವುದು ಕಷ್ಟ. ಹಾಗಾಗಿ ನಮಗೆ 900ರ ಹಳೆಯ 2ಜಿಯೇ ಗತಿಯಾಯಿತು.

ಟಚ್ ಫೋನ್ ಕೊಂಡದ್ದು ಕೆಲಸ ಸಿಕ್ಕಿದ ಮೇಲೆ. ಫೋನ್ ದೊಡ್ಡದು, ಬ್ರೌಸರ್ ದೊಡ್ಡದು, ಈಗ ಎಲ್ಲ ಸರಿಹೋಯಿತು ಅಂದುಕೊಂಡು ಕನ್ನಡ ಪೇಜು ತೆರೆದರೆ ಮತ್ತೆ ಡಬ್ಬಿ! ಇನ್ನೊಬ್ಬ ಗೆಳೆಯನ ಫೋನಿನಲ್ಲಿ ಫಾಂಟ್ ಇತ್ತು, ಆದರೆ 'ಕನ್ನಡ' ಅನ್ನೋದು 'ಕನ್‌ನಡ' ಅಂತ ಕಾಣುತ್ತಿತ್ತು, 'ಕರ್ನಾಟಕ' 'ಕರ್‌ನಾಟಕ' ಆಗಿತ್ತು. ಡಬ್ಬಿಗಿಂತ ಇದೇ ಜಾಸ್ತಿ ನೋವು ಕೊಡುತ್ತಿತ್ತು. ಫಾಂಟ್ ಇದ್ದರೆ ಸಾಲದು. ಅಕ್ಷರ, ವಿರಾಮ, ಇನ್ನೊಂದು ಅಕ್ಷರ ಒಟ್ಟಿಗೆ ಬಂದಾಗ ಎರಡನೆಯದನ್ನು ಕೆಳಗೆ ಒತ್ತಾಗಿ ಕೂರಿಸಬೇಕು, ಮೊದಲಿಗೆ 'ರ' ಬಂದರೆ ಅರ್ಕಾವತ್ತನ್ನು ಅಕ್ಷರದ ಬಲಕ್ಕೆ ಇಡಬೇಕು, ಅಂತ ತಿಳಿದ ತಂತ್ರಾಂಶ ಒಂದು ಬೇಕು. ಇವತ್ತು ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಎಲ್ಲದರಲ್ಲೂ ಆ ಕೆಲಸ ಮಾಡುವುದು ಹಾರ್ಫ್‌ಬಜ್ ಅನ್ನೋ ಮುಕ್ತ ತಂತ್ರಾಂಶ. ನೀವು ಈ ಸಾಲನ್ನು ಫೋನಿನಲ್ಲಿ ಓದುತ್ತಿದ್ದರೆ ಹೆಚ್ಚುಕಡಿಮೆ ಅದೇ ನಿಮಗೆ ಒತ್ತಕ್ಷರ ಕೂರಿಸಿ ಕೊಟ್ಟಿರುತ್ತದೆ. 2012ರ ಜೆಲ್ಲಿ ಬೀನ್ ಆವೃತ್ತಿ ಆದಮೇಲೆ ಬಂದ ಆಂಡ್ರಾಯ್ಡ್ ಫೋನುಗಳಲ್ಲಿ ನಿಧಾನಕ್ಕೆ ಕನ್ನಡ ಸರಿಯಾಗುತ್ತಾ ಬಂತು. ಯಾರೂ ಇದಕ್ಕೆ ಜಾಹೀರಾತು ಕೊಡಲಿಲ್ಲ, ರಿಬ್ಬನ್ ಕತ್ತರಿಸಲಿಲ್ಲ. ಆದರೆ ನನ್ನನ್ನು ಕೇಳಿದರೆ 3ಜಿಗಿಂತ ದೊಡ್ಡ ಘಟನೆ ಇದು.

ಮುಂದಿನದು ನಿಮಗೆಲ್ಲ ಗೊತ್ತು. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಶುರುವಾಯಿತು, ಡೇಟಾ ಅನ್ನೋದು ನೀರಾಯಿತು. ಅಮ್ಮ ಫೋನಿನಲ್ಲಿ ಯಕ್ಷಗಾನ ನೋಡತೊಡಗಿದರು. ಕನ್ನಡದಲ್ಲಿ ಬರೆಯುವವರು, ಓದುವವರು ಹೆಚ್ಚಾದರು, ಅದು ತುಂಬಾ ಒಳ್ಳೆಯದಾಯಿತು. ಜೊತೆಗೆ ಪೇಜುಗಳೂ ಊದಿಕೊಂಡವು.

ಬೆಂಗಳೂರಿನಲ್ಲೇ ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಸಿಗುತ್ತದೆ. 2015ರಲ್ಲಿ ಫ್ಲಿಪ್‌ಕಾರ್ಟ್ ತನ್ನ ಮೊಬೈಲ್ ವೆಬ್‌ಸೈಟನ್ನು ಮುಚ್ಚಿ ಎಲ್ಲರೂ ಆ್ಯಪ್ ಹಾಕಿಕೊಳ್ಳಿ ಅಂದಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಅಂತ ವೆಬ್‌ಗೆ ವಾಪಸ್ ಬಂತು. ಅದರಲ್ಲಿ ಸರ್ವಿಸ್ ವರ್ಕರ್ ಅನ್ನೋ ಹೊಸ ತಂತ್ರ ಬಳಸಿದ್ದರು. ಸರ್ವಿಸ್ ವರ್ಕರ್ ಅಂದ್ರೆ ಪೇಜಿನ ಪರವಾಗಿ ಫೋನಿನಲ್ಲೇ ಕೂತಿರುವ ಒಂದು ಚಿಕ್ಕ ಪ್ರೋಗ್ರಾಂ. ಒಮ್ಮೆ ಬಂದದ್ದನ್ನು ಎತ್ತಿಟ್ಟುಕೊಂಡು, ನೆಟ್‌ವರ್ಕ್ ಇಲ್ಲದಿದ್ದಾಗ ಅದನ್ನೇ ತೆಗೆದು ಕೊಡುತ್ತದೆ. ಹೆಂಗಸರು ಮಳೆಗಾಲಕ್ಕೆ ಅಂತ ಅಟ್ಟದ ಮೇಲೆ ಹಪ್ಪಳ, ಸಂಡಿಗೆ ಎತ್ತಿಡುತ್ತಾರಲ್ಲ, ಹಾಗೆ. ಕರೆಂಟ್ ಹೋದರೆ ಟವರೂ ಸುಸ್ತಾಗುವ ನಮ್ಮಂಥ ಊರಿಗೆ ಹೇಳಿ ಮಾಡಿಸಿದಂಥ ತಂತ್ರ ಇದು, ಆದರೆ ಕನ್ನಡದ ಎಷ್ಟು ಸೈಟುಗಳು ಇದನ್ನು ಬಳಸುತ್ತಿವೆ ಹೇಳಿ?

ಟವರ್ ವಿಷಯ ಇನ್ನೂ ಮುಗಿದಿಲ್ಲ ಅಂತ ಬೆಂಗಳೂರಿನ ಎಷ್ಟೋ ಸಹೋದ್ಯೋಗಿಗಳಿಗೆ ಗೊತ್ತೇ ಇಲ್ಲ. 2020ರ ಲಾಕ್‌ಡೌನ್‌ನಲ್ಲಿ ಮಲೆನಾಡಿನ ಮಕ್ಕಳು ಗುಡ್ಡದ ತುದಿಯಲ್ಲಿ ಟಾರ್ಪಾಲ್ ಕಟ್ಟಿ, ಕೊಡೆ ಹಿಡಿದು ಆನ್‌ಲೈನ್ ಕ್ಲಾಸ್ ಕೇಳಿದರು. ನಮ್ಮ ಕಡೆಯ ಊರುಗಳಲ್ಲಿ 'ನೋ ನೆಟ್‌ವರ್ಕ್, ನೋ ವೋಟಿಂಗ್' ಅಂತ ಬ್ಯಾನರ್ ಕಟ್ಟಿದರು. 2022ರ ಅಕ್ಟೋಬರ್ 1ಕ್ಕೆ ದೇಶದಲ್ಲಿ 5ಜಿ ಶುರುವಾಯಿತು. ಅಪ್ಪನ ಫೋನೂ 5ಜಿಯದೇ. ಅದು ಅಂಗಳದಲ್ಲಿ ಹಿಡಿಯುವುದು ಎರಡು ಕಡ್ಡಿ 4ಜಿ, ಕರೆಂಟ್ ಹೋದರೆ ಒಂದು.

ಅವತ್ತು ರಾತ್ರಿಯೇ ಲ್ಯಾಪ್‌ಟಾಪ್ ತೆಗೆದು ಕೂತೆ. ಬ್ಯಾಟರಿ ಎರಡು ಗಂಟೆ ಇತ್ತು, ಸಾಕಾಯಿತು. ಸರ್ಕಾರದ ಕೃಷಿ ಮಾರಾಟ ವಾಹಿನಿಯಲ್ಲಿ ದಿನದ ದರ ಇರುತ್ತದೆ. ನನ್ನ ಸರ್ವರ್ ದಿನಕ್ಕೆರಡು ಸಲ ಅದನ್ನು ನೋಡಿ, ಸಾಗರ, ಶಿವಮೊಗ್ಗ ಎರಡೇ ಮಾರುಕಟ್ಟೆಯ ಸಾಲು ತೆಗೆದು ಒಂದು ಪೇಜು ಮಾಡುತ್ತದೆ. ಚಿತ್ರ ಇಲ್ಲ, ಬೇರೆ ಫಾಂಟ್ ಇಲ್ಲ, ಫೋನಿನಲ್ಲಿ ಇರುವ ಕನ್ನಡವೇ ಸಾಕು. ಯುನಿಕೋಡ್‌ನಲ್ಲಿ ಕಳಿಸುವಾಗ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು, ಇಂಗ್ಲಿಷಿಗೆ ಒಂದು. ಆದರೂ ಹಿಂಡಿ ಕಳಿಸಿದರೆ ಇಡೀ ಪೇಜು ಎರಡು ಕೆಬಿ ಮುಟ್ಟಲಿಲ್ಲ. ಅಕ್ಷರ ಮಾತ್ರ ದೊಡ್ಡದಾಗಿ ಇಟ್ಟೆ, ಅಪ್ಪನಿಗೆ ಕನ್ನಡಕ ಹುಡುಕುವ ಕೆಲಸ ಬೇಡ ಅಂತ. ಸರ್ವಿಸ್ ವರ್ಕರ್ ಸೇರಿಸಿದೆ, ಟವರ್ ಪೂರ್ತಿ ಹೋದರೆ ಕೊನೆಗೆ ಸಿಕ್ಕಿದ ದರವನ್ನು ತಾರೀಖಿನ ಜೊತೆ ತೋರಿಸುವ ಹಾಗೆ.

ಬೆಳಿಗ್ಗೆ ಅಪ್ಪನ ಫೋನಿನ ಮೊದಲ ಪರದೆಯಲ್ಲಿ ಅದನ್ನು ಹಾಕಿ ಕೊಟ್ಟೆ. ಅಡುಗೆಮನೆ ಬಾಗಿಲಲ್ಲಿ, ಟವರ್ ಸಿಗದ ಜಾಗದಲ್ಲಿ ನಿಂತೇ ಒತ್ತಿದರು. ತಕ್ಷಣ ಬಂತು. 'ನಿನ್ನೆಯ ದರ' ಅಂತ ಮೇಲೆ ಬರೆದಿತ್ತು. ಕೆಳಗಿನ ಸಾಲುಗಳನ್ನು ಬೆರಳಿಟ್ಟು ಓದಿದರು, ಇನ್ನೊಂದು ಸಲ ಒತ್ತಿ ನೋಡಿದರು.

"ನಿನ್ನೇದಾದ್ರೂ ತೋರಿಸ್ತಲ್ಲ, ಅಷ್ಟು ಸಾಕು" ಅಂದವರು, ಅಂಗಳಕ್ಕೆ ಇಳಿದ ಮೇಲೆ ತಿರುಗಿ, "ಇದಕ್ಕೆ ಚಾಲಿ ದರಾನೂ ಹಾಕು, ತಮ್ಮಾ. ಪಕ್ಕದ ಮನೆಯವರಿಗೂ ಬೇಕಂತೆ" ಅಂದರು.

ಚಾಲಿ ಅಂದ್ರೆ ಅಡಿಕೆಯ ಇನ್ನೊಂದು ಬಗೆ. ಈ ಶನಿವಾರ ಕೂತು ಹಾಕುತ್ತೇನೆ.