ರೈಲಿನ ಸಂಪತ್ತು, ಮೋಟಾರಿನ ಮೋಹ

ಅಮೆರಿಕದ ಹಳೆಯ ಮೋಟಾರು ಪಂದ್ಯವೊಂದರ ಬಹುಮಾನವಾದ ವಾಂಡರ್‌ಬಿಲ್ಟ್ ಕಪ್‌ನ ಚಿತ್ರವೊಂದು ಇಂದು ಬೆಳಿಗ್ಗೆ ಕಣ್ಣಿಗೆ ಬಿತ್ತು. ಆ ಬೆಳ್ಳಿಯ ಪಾತ್ರೆಯ ಮೇಲೆ ಮರ್ಸಿಡಿಸ್ ಓಡಿಸುತ್ತಿರುವ ಎರಡನೇ ವಿಲಿಯಂ ವಾಂಡರ್‌ಬಿಲ್ಟ್ ಅವರನ್ನೇ ಕೆತ್ತಲಾಗಿದೆ.

ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯ ಸಂಪತ್ತಿಗೆ ವಾರಸುದಾರರಾಗಿದ್ದ ಇವರು, 1904ರ ಜನವರಿಯಲ್ಲಿ ಫ್ಲೋರಿಡಾದ ಕಡಲತೀರದ ಮರಳಿನ ಮೇಲೆ ಗಂಟೆಗೆ 92 ಮೈಲಿಗೂ ಮಿಕ್ಕ ವೇಗದಲ್ಲಿ ಕಾರು ಓಡಿಸಿ, ಅದೇ ವರ್ಷದ ಅಕ್ಟೋಬರಿನಲ್ಲಿ ನ್ಯೂಯಾರ್ಕ್‌ನ ಲಾಂಗ್ ಐಲೆಂಡಿನ ಸಾರ್ವಜನಿಕ ರಸ್ತೆಗಳಲ್ಲಿಯೇ ಈ ಪಂದ್ಯವನ್ನು ಆರಂಭಿಸಿದರು. ಜನರು ಓಡುವ ಕಾರುಗಳ ಎದುರಿಗೇ ನುಗ್ಗುತ್ತಿದ್ದರು. 1906ರಲ್ಲಿ ಪ್ರೇಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. ಆ ಸಾವು ನನ್ನನ್ನು ಬಹಳ ಕಾಡಿತು.

ಅನಂತರ ವಾಂಡರ್‌ಬಿಲ್ಟ್ ಕಟ್ಟಿಸಿದ, ಅಡ್ಡರಸ್ತೆಗಳು ಎದುರಾಗದಂತೆ ಸೇತುವೆಗಳಿದ್ದ, ಮೋಟಾರುಗಳಿಗೇ ಮೀಸಲಾದ ಕಾಂಕ್ರೀಟ್ ರಸ್ತೆಯು 1908ರಲ್ಲಿ ತೆರೆಯಿತು. ವೇಗಕ್ಕೆ ಪ್ರತ್ಯೇಕ ದಾರಿಯೇ ಬೇಕೆಂಬ ಈ ಯೋಚನೆ, ಹಳಿಗಳಿಂದಲೇ ಬೆಳೆದ ಮನೆತನಕ್ಕೆ ಸಹಜವಾಗಿಯೇ ಹೊಳೆದಿರಬೇಕು ಎಂದು ನನಗೆ ಅನ್ನಿಸುತ್ತದೆ.